ಚುಕ್ಕೆ ಗೆರೆಯ ಸೇತುವೆ

ನನ್ನ ಅಮ್ಮ ಬಟ್ಟೆ ಕತ್ತರಿಸುವವಳು. ಹಾಗಂದ ತಕ್ಷಣ ಜನ "ಓ, ಟೈಲರಾ?" ಅನ್ನುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಟೈಲರ್ ಅಲ್ಲ. ಗಾರ್ಮೆಂಟ್ಸ್ ಕಾರ್ಖಾನೆಯ ಕಟಿಂಗ್ ವಿಭಾಗದವಳು. ಉದ್ದನೆಯ ಮೇಜಿನ ಮೇಲೆ ನೂರು ಪದರ ಬಟ್ಟೆ ಹಾಸಿ, ಮೇಲಿನ ಪದರಕ್ಕೆ ಗೆರೆ ಎಳೆದು, ಕರೆಂಟಿನ ಕತ್ತರಿಯಿಂದ ನೂರನ್ನೂ ಒಂದೇ ಸಲಕ್ಕೆ ಕತ್ತರಿಸುವ ಕೆಲಸ ಅವಳದು. ಗೆರೆ ಒಂದು ಬೆರಳಿನಷ್ಟು ಆಚೀಚೆ ಆದರೆ ನೂರು ಅಂಗಿ ಹಾಳು. ಕತ್ತರಿ ಹಾಕುವ ಮೊದಲು ಅವಳು ಅಂಗೈಯಿಂದ ಬಟ್ಟೆಯನ್ನು ಪೂರ್ತಿ ಒಂದು ಸಲ ಸವರುತ್ತಾಳೆ. ಒಳಗಿನ ಪದರದಲ್ಲಿ ಮಡಿಕೆ ಬಿದ್ದಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೇ ಸಿಗಬೇಕು.

ಅಪ್ಪ ನಕ್ಷೆ ಬರೆಯುವವನು. ಅಂದರೆ, ಒಂದು ಕಾಲಕ್ಕೆ ಬರೆಯುತ್ತಿದ್ದ. ಸರ್ವೆ ಆಫೀಸಿಗೆ ಕಂಪ್ಯೂಟರ್ ಬಂದ ಮೇಲೆ ಅವನನ್ನೂ ಅವನ ಪೆನ್ಸಿಲ್ಲನ್ನೂ ಒಟ್ಟಿಗೇ ಮನೆಗೆ ಕಳಿಸಿದರು. ಆಮೇಲೆ ಮನೆ ನಡೆದದ್ದು ಅಮ್ಮನ ಸಂಬಳದಲ್ಲಿ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಆಡದೆ ಇದ್ದದ್ದೇ ತಪ್ಪಾಯಿತು ಎಂದು ಈಗ ಅನ್ನಿಸುತ್ತದೆ. ಆಡಿದ್ದರೆ, ಅವಳ ಕೆಲಸಕ್ಕೋಸ್ಕರ ಊರು ಬಿಡುವಾಗ ಮನೆ ಎಲ್ಲಿ ಮಾಡಬೇಕು ಅನ್ನುವುದನ್ನು ಅವಳೇ ಹೇಳುತ್ತಿದ್ದಳು.

ನನಗೆ ಆಗ ಹದಿನಾರು. ಅಮ್ಮನಿಗೆ ನಲವತ್ತೇಳು. ಕಾರ್ಖಾನೆಯವರು ದೊಡ್ಡ ಊರಿನಲ್ಲಿ ಹೊಸ ಕಾರ್ಖಾನೆ ಶುರು ಮಾಡಿ, ಅಲ್ಲಿಯ ಕಟಿಂಗ್ ವಿಭಾಗಕ್ಕೆ ಅವಳನ್ನೇ ಇನ್‌ಚಾರ್ಜ್ ಮಾಡಿದರು. ಕೈ ಕೆಳಗೆ ಇಪ್ಪತ್ತು ಜನ. ಆ ಕಂಪನಿಯಲ್ಲಿ ಅದುವರೆಗೆ ಯಾವ ಹೆಂಗಸೂ ಆ ಮೇಜಿನ ಮುಖ್ಯಸ್ಥೆಯಾಗಿ ನಿಂತಿರಲಿಲ್ಲ. ಆದರೆ ಮೊದಲ ಆರು ತಿಂಗಳು ಪರೀಕ್ಷೆಯ ಅವಧಿ, ಎಂಟು ಗಂಟೆಗೆ ಸರಿಯಾಗಿ ಗೇಟು ಮುಚ್ಚುತ್ತದೆ, ಇನ್‌ಚಾರ್ಜ್ ಆದವರು ಮೂರು ಸಲ ತಡವಾದರೆ ಆ ಹುದ್ದೆ ಬೇರೆಯವರಿಗೆ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಇಲ್ಲಿ ಕತ್ತರಿಸದಿದ್ದರೆ ಮೇಲಿನ ಮಹಡಿಯಲ್ಲಿ ಇನ್ನೂರು ಹೊಲಿಗೆ ಮಿಷಿನ್ನು ಸುಮ್ಮನೆ ಕೂರಬೇಕು.

ಹಳೆಯ ಕಾರ್ಖಾನೆಯಲ್ಲಿ ಕೊನೆಯ ದಿನದವರೆಗೂ ಕೆಲಸ ಇದ್ದದ್ದರಿಂದ ಮನೆ ಹುಡುಕಲು ಅವಳಿಗೆ ಬಿಡುವಿರಲಿಲ್ಲ. ಅಪ್ಪನಿಗೆ ಬಿಡುವೋ ಬಿಡುವು. ಅಮ್ಮ ಅವನನ್ನು ಕೇಳಿದ್ದು ಒಂದೇ ಒಂದು.

"ಕಾರ್ಖಾನೆಗೆ ನಡ್ಕೊಂಡು ಹೋಗೋ ಹಾಗಿರಲಿ ರೀ. ಮನೆ ಹೇಗಾದರೂ ಇರಲಿ."

ಅಪ್ಪ ಆ ಊರಿನ ನಕ್ಷೆ ತಂದು ನೆಲದ ಮೇಲೆ ಹಾಸಿದ. ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟ. ಎಷ್ಟು ವರ್ಷವಾಗಿತ್ತೋ ಅವನ ಮುಖದಲ್ಲಿ ಆ ಕಳೆ ನೋಡಿ. ಕಾರ್ಖಾನೆಯ ಮೇಲೆ ಕೈವಾರದ ಮೊನೆ ಊರಿ ಸುತ್ತ ಒಂದು ವೃತ್ತ ಎಳೆದ. ಕಾರ್ಖಾನೆಯ ಕಡೆ ಒಂದಕ್ಕೊಂದು ಅಂಟಿಕೊಂಡ ಗಲ್ಲಿಗಳು. ನಡುವೆ ರೈಲ್ವೆ ಯಾರ್ಡು. ಅದರ ಆಚೆ ಅಗಲವಾದ ರಸ್ತೆ, ಪಾರ್ಕು, ಶಾಲೆ, ಲೈಬ್ರರಿ.

"ಈ ಗಲ್ಲಿಗಳಲ್ಲಿ ಮರ್ಯಾದಸ್ಥರು ಇರ್ತಾರೇನು?" ಎಂದ ಅಪ್ಪ. "ಯಾರ್ಡಿನ ಆಚೆ ನೋಡು, ಎಂಥ ಬಡಾವಣೆ. ನಡುವೆ ಸೇತುವೆ ಇದೆ. ಲೆಕ್ಕ ಹಾಕಿದೀನಿ, ಇಪ್ಪತ್ತೈದು ನಿಮಿಷದ ನಡಿಗೆ."

ಅಮ್ಮ ಬಗ್ಗಿ ನೋಡಿದಳು. "ಇದು ಚುಕ್ಕೆ ಗೆರೆ ಅಲ್ವಾ? ನಮ್ಮಲ್ಲಿ ಚುಕ್ಕೆ ಗೆರೆ ಅಂದ್ರೆ ಅಲ್ಲಿ ಕತ್ತರಿ ಹಾಕಬೇಡ ಅಂತ."

ಅಪ್ಪ ನಕ್ಕುಬಿಟ್ಟ. "ಅದು ಬಟ್ಟೆ ಕಣೇ, ಇದು ನಕ್ಷೆ. ಚುಕ್ಕೆ ಗೆರೆ ಅಂದ್ರೆ ಕಟ್ಟೋಕೆ ಮಂಜೂರಾಗಿದೆ ಅಂತ. ಈ ನಕ್ಷೆ ಆರು ವರ್ಷದ ಹಳೇದು. ನಮ್ಮ ಆಫೀಸಲ್ಲಿ ನಾನು ಚುಕ್ಕೆ ಹಾಕಿದ್ದು ಎರಡು ವರ್ಷಕ್ಕೆಲ್ಲ ಎದ್ದು ನಿಂತಿರ್ತಿತ್ತು. ಇಷ್ಟು ಹೊತ್ತಿಗೆ ಇದರ ಮೇಲೆ ಜನ ಓಡಾಡಿ ಓಡಾಡಿ ಸವೆದಿರುತ್ತೆ."

"ಒಂದ್ಸಲ ಅಲ್ಲಿಗೆ ಹೋಗಿ ನಡೆದು ನೋಡೋಣ."

"ನನಗೇ ನಕ್ಷೆ ಓದೋದು ಹೇಳಿಕೊಡ್ತೀಯಾ?"

ಅಮ್ಮ ಸುಮ್ಮನಾದಳು. ಅವನಿಗೆ ಬಹಳ ದಿನಗಳ ಮೇಲೆ ಒಂದು ಕೆಲಸ ಸಿಕ್ಕಿದೆ, ಅದನ್ನೂ ಕಿತ್ತುಕೊಳ್ಳುವುದು ಬೇಡ ಅಂದುಕೊಂಡಳಂತೆ. ಅವಳ ಆ ಒಳ್ಳೆಯತನದ ಮೇಲೂ ನನಗೆ ಸಿಟ್ಟಿದೆ.

ಮನೆ ನೋಡಲು ಅಪ್ಪನ ಜೊತೆ ಹೋದವಳು ನಾನು. ಮನೆಯ ಒಡತಿ ನಿವೃತ್ತ ಶಿಕ್ಷಕಿ, ಕೆಳಗಿನ ಮನೆಯಲ್ಲಿ ಅವರು, ಮಹಡಿಯಲ್ಲಿ ಬಾಡಿಗೆಗೆ ಮೂರು ರೂಮು. ಮೂಲೆಯ ರೂಮಿಗೆ ಎರಡು ಕಿಟಕಿ, ಕಿಟಕಿಗೆ ತಾಗುವಂತೆ ಮರ, ಗೋಡೆಯೊಳಗೆ ಪುಸ್ತಕದ ಕಪಾಟು. ಹಳೆಯ ಊರಿನಲ್ಲಿ ನಾನು ಅಡುಗೆಮನೆಯ ಬಾಗಿಲಿಗೆ ಕಾಲು ಚಾಚಿ ಮಲಗುತ್ತಿದ್ದವಳು. ಆ ರೂಮಿನಲ್ಲಿ ನಿಂತು ಬಾಗಿಲು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

"ಹೆಂಡತಿಯವರಿಗೆ ಕೆಲಸ ಎಲ್ಲಿ?" ಎಂದು ಶಿಕ್ಷಕಿ ಕೇಳಿದರು. ಅಪ್ಪ ಹೇಳಿದ. ಅವರ ಮುಖ ಚಿಕ್ಕದಾಯಿತು. "ಆ ಕಡೆಗೆ ಕೆಲಸಕ್ಕೆ ಹೋಗೋರು ಈ ಕಡೆ ಮನೆ ಮಾಡೋದಿಲ್ಲ ಸ್ವಾಮಿ. ಸೇತುವೆ ಎಲ್ಲಿದೆ? ಎರಡು ಕಂಬ ನಿಲ್ಲಿಸಿ ಕಂಟ್ರಾಕ್ಟರು ಪರಾರಿ. ಊರೆಲ್ಲ ಸುತ್ತಿ ಎರಡು ಬಸ್ಸು ಬದಲಾಯಿಸಿ ಹೋಗ್ಬೇಕು. ನನ್ನ ಮನೆ ಖಾಲಿ ಬಿದ್ದಿದ್ರೂ ಪರವಾಗಿಲ್ಲ, ಮೊದಲೇ ಹೇಳಿಬಿಡ್ತೀನಿ."

ನಾವಿಬ್ಬರೂ ಬೀದಿಯ ಕೊನೆಯವರೆಗೆ ಹೋದೆವು. ಯಾರ್ಡಿನ ಕಾಂಪೌಂಡಿನ ಆಚೆ ಎರಡು ಸಿಮೆಂಟಿನ ಕಂಬ. ಮೇಲೆ ಕಬ್ಬಿಣದ ಸರಳು ಕೂದಲು ಕೆದರಿದಂತೆ ನಿಂತಿದೆ. ಕೆಳಗೆ ಹಳಿಗಳು, ಗೂಡ್ಸ್ ಗಾಡಿಗಳು. ಅಪ್ಪ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಕಂಬ ಬಂದಿದೆ ಅಂದ್ರೆ ಮುಕ್ಕಾಲು ಕೆಲಸ ಆದ ಹಾಗೆ. ಅಮ್ಮನಿಗೆ ಈಗಲೇ ಹೇಳಿ ತಲೆ ಕೆಡಿಸೋದು ಬೇಡ. ರೂಮು ಹಿಡಿಸ್ತಲ್ಲ ನಿನಗೆ?" ಎಂದ.

ನಾನು ಹೂಂ ಅಂದೆ.

ಸಾಮಾನು ಇಳಿಸಿದ ಮಾರನೆಯ ದಿನ ಅಮ್ಮ ಏಳು ಗಂಟೆಗೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಹೊರಟಳು. ಇಪ್ಪತ್ತೈದು ನಿಮಿಷದ ನಡಿಗೆಗೆ ಒಂದು ಗಂಟೆ ಇಟ್ಟುಕೊಂಡಿದ್ದಳು. ಬೀದಿಯ ಕೊನೆಗೆ ಹೋಗಿ ಕಂಬ ನೋಡಿದಳು. ಅಲ್ಲಿಂದ ಓಡಿ ಬಸ್ಸು ಹಿಡಿದು, ಯಾರನ್ನೋ ಕೇಳಿ ಇನ್ನೊಂದು ಬಸ್ಸು ಹಿಡಿದು ಕಾರ್ಖಾನೆ ತಲುಪುವಾಗ ಎಂಟೂವರೆ. ಮೊದಲ ದಿನವೇ ಮೊದಲ ತಡ. ಸಂಜೆ ಬಂದು ಹೇಳಿದಾಗ ಅಪ್ಪ, "ಅಯ್ಯೋ, ಇನ್ನೂ ಕಟ್ಟಿಲ್ವಾ! ಎಂಥ ದರಿದ್ರ ಜನ!" ಎಂದು ಹಣೆ ಚಚ್ಚಿಕೊಂಡ. ಎಷ್ಟು ಚೆನ್ನಾಗಿ ಚಚ್ಚಿಕೊಂಡ ಎಂದರೆ ಗೊತ್ತಿದ್ದ ನನಗೇ ಒಂದು ಕ್ಷಣ ನಂಬಿಕೆ ಬಂತು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಆಮೇಲೆ ಅವಳು ಬೆಳಗಿನ ಐದೂಮುಕ್ಕಾಲಿಗೇ ಹೊರಡತೊಡಗಿದಳು. ಬರುವಾಗ ಸಂಜೆ ಏಳೂವರೆ. ಒಂಬತ್ತು ಗಂಟೆ ಮೇಜಿನ ಮುಂದೆ ನಿಂತ ಕಾಲು, ಬಸ್ಸಿನಲ್ಲೂ ನಿಂತೇ ಬರುವ ಕಾಲು. ಬಂದವಳೇ ಅಡುಗೆಮನೆಗೆ. ಹಗಲೆಲ್ಲ ಮನೆಯಲ್ಲೇ ಇದ್ದ ಅಪ್ಪ ಅನ್ನ ಇಡಬಹುದಿತ್ತು, ನಾನೂ ಇಡಬಹುದಿತ್ತು. ನಾನು ಎರಡು ಕಿಟಕಿಯ ರೂಮಿನಲ್ಲಿ ಓದುತ್ತಿದ್ದೆ. ಓದುವ ಹುಡುಗಿಗೆ ಕೆಲಸ ಹೇಳಬಾರದು ಎಂದು ಅಮ್ಮನೇ ಹೇಳಿದ್ದಳಲ್ಲ, ಎಂಥ ಅನುಕೂಲ!

ಎರಡನೆಯ ಸಲ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅವತ್ತು ಅಮ್ಮ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಹೇಳಿದಳು, "ಇನ್ನೊಂದು ಸಲ ಆದ್ರೆ ಮುಗೀತು ರೀ. ಆ ಕಡೆ ಎಲ್ಲಾದರೂ ಮನೆ ನೋಡೋಣ. ಒಂದು ರೂಮು ಆದ್ರೂ ಸರಿ."

"ಈಗ ತಾನೇ ಬಂದು ಕೂತಿದೀವಿ. ಮಗಳ ಓದು ಹಾಳಾಗಲ್ವಾ? ಕೇಳು ಅವಳನ್ನೇ."

ಅಮ್ಮ ನನ್ನನ್ನು ನೋಡಿದಳು. "ಇಲ್ಲೇ ಶಾಲೆಗೆ ಹತ್ತಿರ ಅಮ್ಮ," ಎಂದೆ. ಬಾಯಿಂದ ಎಷ್ಟು ಸಲೀಸಾಗಿ ಬಂತು ಆ ಮಾತು. ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಬೇಕು ಅನ್ನಿಸುತ್ತದೆ.

ಮೂರನೆಯ ಸಲ ನಾಲ್ಕನೇ ತಿಂಗಳಲ್ಲಿ. ರೈಲ್ವೆ ಗೇಟಿನಲ್ಲಿ ಗೂಡ್ಸ್ ಗಾಡಿ ನಿಂತುಬಿಟ್ಟಿತು. ಅಮ್ಮ ಬಸ್ಸಿನಿಂದ ಇಳಿದು, ಗೂಡ್ಸ್ ಬೋಗಿಗಳ ನಡುವೆ ನುಸುಳಿ, ಹಳಿ ದಾಟಿ ಓಡಿದಳು. ಮೊಣಕಾಲು ಕೆತ್ತಿಹೋಯಿತು. ಕಾರ್ಖಾನೆ ಮುಟ್ಟುವಾಗ ಎಂಟು ದಾಟಿ ನಾಲ್ಕು ನಿಮಿಷ. ಗೇಟಿನ ವಾಚ್‌ಮನ್ ಕಣ್ಣು ತಪ್ಪಿಸಿ, "ಅಕ್ಕಾ, ನನ್ನ ಕೈಲೇನಿಲ್ಲ," ಅಂದನಂತೆ. ಹುದ್ದೆ ಅವಳೇ ಕೆಲಸ ಕಲಿಸಿದ್ದ ಒಬ್ಬನಿಗೆ ಹೋಯಿತು. ತುಂಬ ಎತ್ತರದ ಆಳು, ಎಲ್ಲರೂ ಅವನನ್ನು ಏಣಿ ಅನ್ನುತ್ತಿದ್ದರು. ಅಮ್ಮ ಅವನ ಕೈ ಕೆಳಗೆ ಬಟ್ಟೆ ಹಾಸುವವಳಾದಳು.

ಆ ಸಂಜೆ ಕುಂಟುತ್ತ ಬಂದ ಅಮ್ಮನನ್ನು ಕೆಳಗಿನ ಶಿಕ್ಷಕಿ ಮೆಟ್ಟಿಲಲ್ಲೇ ನಿಲ್ಲಿಸಿ, ಗಾಯಕ್ಕೆ ಮುಲಾಮು ಕೊಟ್ಟು, ಮರುಗುತ್ತ ಹೇಳಿಬಿಟ್ಟರು, "ನಾನು ಮೊದಲ ದಿನವೇ ನಿಮ್ಮವರಿಗೆ ಹೇಳಿದ್ದೆ ತಾಯಿ, ಸೇತುವೆ ಇಲ್ಲ ಅಂತ. ಮಗಳೂ ಅಲ್ಲೇ ಇದ್ದಳಲ್ಲ."

ಅಮ್ಮ ಮೇಲೆ ಬಂದಳು. ನಾನು ನನ್ನ ರೂಮಿನ ಬಾಗಿಲಲ್ಲಿದ್ದೆ.

"ನಿನಗೂ ಗೊತ್ತಿತ್ತಾ?"

"ಗೊತ್ತಿತ್ತು."

ಅಪ್ಪನಿಗೆ ಅವಳು ಬೈದದ್ದು ಬೀದಿಗೆಲ್ಲ ಕೇಳಿಸಿತು. ಇಪ್ಪತ್ತು ವರ್ಷದ್ದು ಒಟ್ಟಿಗೇ ಬಂತು. ಅವನ ನಕ್ಷೆ, ಅವನ ಮರ್ಯಾದಸ್ಥರು, ಅವನ ಜಂಭ, ಒಂದನ್ನೂ ಬಿಡಲಿಲ್ಲ. "ನಿಮ್ಮ ಮುಖ ಉಳಿಸಿಕೊಳ್ಳೋಕೆ ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ!" ಅಂದಳು. ನನಗೆ ಅವಳು ಒಂದು ಮಾತೂ ಅನ್ನಲಿಲ್ಲ. ಬೈಗುಳಕ್ಕಾಗಿ ನಾನು ಅವತ್ತು ಕಾದೆ, ಮರುದಿನ ಕಾದೆ, ವಾರವೆಲ್ಲ ಕಾದೆ. ಬರಲಿಲ್ಲ.

ಮರುದಿನ ಕೆಲಸ ಬಿಟ್ಟ ಮೇಲೆ ಅವಳು ಕಾರ್ಖಾನೆಯ ಗೇಟಿನಲ್ಲಿ ನಿಂತು ಗಡಿಯಾರ ನೋಡಿಕೊಂಡು ಎಡಕ್ಕೆ ಹದಿನೈದು ನಿಮಿಷ ನಡೆದಳು. ಮನೆ ಸಿಗಲಿಲ್ಲ. ವಾಪಸು ಬಂದು ಬಲಕ್ಕೆ ನಡೆದಳು. ಹೀಗೆ ಮೂರು ಸಂಜೆ. ಕೊನೆಗೆ ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ರೂಮು ಸಿಕ್ಕವು. ನಲ್ಲಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿದಳು. ಗೋಡೆಗೆ ಅಂಗೈ ಒತ್ತಿ ತೇವ ಇದೆಯೇ ನೋಡಿದಳು. ಮನೆಗೆ ಬಂದು, "ನಾನು ಭಾನುವಾರ ಹೋಗ್ತೀನಿ. ಬರೋರು ಬರಬಹುದು," ಎಂದಳು. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಹಿಂದೆ ಹೋದೆವು. ಹೋದ ಮೇಲೆ ಅವಳು ಒಂದು ದಿನವೂ ತಡವಾಗಲಿಲ್ಲ. ಆದರೆ ಹುದ್ದೆ ವಾಪಸು ಬರಲಿಲ್ಲ. ಏಣಿ ಗಟ್ಟಿಯಾಗಿ ಕೂತಿದ್ದ, ಕೆಲಸವೂ ಚೆನ್ನಾಗಿ ಮಾಡುತ್ತಿದ್ದ, ಅವನದೇನೂ ತಪ್ಪಿರಲಿಲ್ಲ. ಗೆರೆ ಎಳೆಯುವ ಮಾರ್ಕಿಂಗಿನಲ್ಲಿ ಕಷ್ಟ ಬಂದಾಗಲೆಲ್ಲ "ಅಕ್ಕಾ, ಸ್ವಲ್ಪ ನೋಡಿ" ಎಂದು ಅವಳ ಹತ್ತಿರವೇ ಬರುತ್ತಿದ್ದ. ಅವಳು ನೋಡುತ್ತಿದ್ದಳು, ಸರಿ ಮಾಡುತ್ತಿದ್ದಳು, ತನ್ನ ಜಾಗಕ್ಕೆ ವಾಪಸು ಹೋಗಿ ಬಟ್ಟೆ ಹಾಸುತ್ತಿದ್ದಳು. ಹೀಗೆ ಹನ್ನೊಂದು ವರ್ಷ.

ಕಳೆದ ತಿಂಗಳು ಅವಳು ನಿವೃತ್ತಳಾದಳು. ಮಧ್ಯಾಹ್ನ ಕಟಿಂಗ್ ಹಾಲಿನಲ್ಲೇ ಕುರ್ಚಿ ಹಾಕಿ ಸಣ್ಣ ಕಾರ್ಯಕ್ರಮ ಮಾಡಿ, ಅಪ್ಪನನ್ನೂ ನನ್ನನ್ನೂ ಕರೆದಿದ್ದರು. ಮ್ಯಾನೇಜರು ಹೊಸಬ, ಚಿಕ್ಕ ವಯಸ್ಸಿನವನು. ಮಾತಿನ ನಡುವೆ, "ಇವರು ಮೊದಲು ಇನ್‌ಚಾರ್ಜ್ ಆಗಿದ್ದರಂತೆ, ಆಮೇಲೆ ಯಾಕೆ ಬಿಟ್ಟರೋ ಗೊತ್ತಿಲ್ಲ," ಎಂದ. ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಎದ್ದು ನಿಂತ. ನಗುತ್ತ, ಎಲ್ಲರಿಗೂ ಕೇಳುವ ಹಾಗೆ, "ಅವಳಿಗೆ ಜವಾಬ್ದಾರಿ ಅಂದ್ರೆ ಭಯ ಸಾರ್. ಮನೆ, ಮಗಳು ಅಷ್ಟೇ ಸಾಕು ಅಂದುಬಿಟ್ಟಳು. ನಾನೂ ಸರಿ ಅಂದೆ," ಎಂದ.

ಜನ ಚಪ್ಪಾಳೆ ತಟ್ಟಿದರು. ಅಮ್ಮ ಮಡಿಲಲ್ಲಿದ್ದ ಹೂಗುಚ್ಛ ನೋಡುತ್ತಿದ್ದಳು. ನಾನು ಎದ್ದು ನಿಂತೆ.

"ಸುಳ್ಳು," ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ಅಮ್ಮ ಬಿಡಲಿಲ್ಲ. ನಾವು ಬಿಡಿಸಿದ್ವಿ. ಇಲ್ಲಿಗೆ ಬರೋಕೆ ದಾರಿ ಇಲ್ಲ ಅಂತ ಗೊತ್ತಿದ್ದೂ ಅಪ್ಪ ಆ ಕಡೆ ಮನೆ ಹಿಡಿದ, ಬಡಾವಣೆ ಚೆನ್ನಾಗಿದೆ ಅಂತ. ಗೊತ್ತಿದ್ದೂ ನಾನು ಸುಮ್ಮನಿದ್ದೆ, ನನಗೊಂದು ರೂಮು ಬೇಕಿತ್ತು ಅಂತ. ಮೂರು ಸಲ ಇವಳು ಗೇಟಿನ ಹೊರಗೆ ನಿಂತಿದ್ದು ನಮ್ಮಿಬ್ಬರಿಂದ."

ಏಣಿ ತಲೆ ತಗ್ಗಿಸಿ ನಿಂತಿದ್ದ. ಅಪ್ಪ ಮತ್ತೆ ಕುರ್ಚಿಗೆ ಕುಸಿದು ಇಷ್ಟೇ ಇಷ್ಟಾಗಿದ್ದ. ನಾನು ಹೋಗಿ ಅಮ್ಮನ ಮುಂದೆ ನಿಂತೆ. ಇನ್ನು ಅವಳು ನನ್ನ ಕೈ ಹಿಡಿಯುತ್ತಾಳೆ, ಹೋಗಲಿ ಬಿಡು ಅನ್ನುತ್ತಾಳೆ ಅಂದುಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ, ಅದಕ್ಕಾಗಿಯೇ ಹೋಗಿ ನಿಂತಿದ್ದೆ.

ಅಮ್ಮ ತಲೆ ಎತ್ತಿದಳು. ಕಣ್ಣು ಒಣಗಿತ್ತು, ಮುಖ ಕೆಂಪಾಗಿತ್ತು.

"ನನ್ನ ಕೆಲಸ ಮುಗಿಯೋವರೆಗೂ ಕಾಯ್ತಿದ್ಯಾ, ಈ ಮಾತು ಹೇಳೋಕೆ?" ಎಂದಳು.