ಅಮ್ಮೆಗೊಂದು ರವಿಕೆ

ನಮ್ಮ ಬೀದಿಯ ದರ್ಜಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಎಡಬಲ. ಪತ್ರಿಕೆಯ ಪದಬಂಧವನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ತುಂಬಿಸಿದ ಮೇಲೆಯೇ ಆತ ಕತ್ತರಿ ಮುಟ್ಟುವುದು. ಅಷ್ಟರಲ್ಲಿ ಅಳತೆ ಕೊಡಲು ಬಂದ ಮಕ್ಕಳು ಎರಡು ಇಂಚು ಬೆಳೆದಿರುತ್ತಿದ್ದರು. ಹೊಲಿಗೆ ಮೇಜಿನ ತುಂಬ ಹನ್ನೊಂದು ನಿಘಂಟು. ಒಂದು ಕೆಳಗೆ ಬಿದ್ದರೆ ಮೂರು ಬೀದಿಯಾಚೆ ಗಡಿಯಾರಗಳು ನಿಂತುಹೋಗುತ್ತಿದ್ದವು.

ಹೆಂಡತಿಗೆ ಸಾಕಾಗಿತ್ತು. "ನೋಡ್ರೀ, ಇನ್ನು ಒಂದೇ ಒಂದು ಮನೆ ತಪ್ಪು ತುಂಬಿದ್ರೂ ಈ ರಾಶಿ ರದ್ದಿಯವನ ಪಾಲು."

"ನಾನು? ತಪ್ಪೋದಾ?" ಎಂದು ನಕ್ಕು ಒಪ್ಪಿಕೊಂಡ.

ಮರುದಿನವೇ ಸುಳಿವು ಬಂತು: 'ತುಳುವಿನಲ್ಲಿ ತಾಯಿ, ಎರಡಕ್ಷರ.' ಹೊಸ ಸೊಸೆಯ ಮನೆಮಾತು ತುಳು. ದಿನವೂ ಫೋನಿನಲ್ಲಿ ಕಣ್ಣೊರೆಸಿಕೊಳ್ಳುತ್ತ 'ಅಮ್ಮೆ, ಅಮ್ಮೆ' ಎನ್ನುತ್ತಿದ್ದಳು. ಇನ್ನು ನಿಘಂಟು ಯಾಕೆ? ಪೆನ್ನಿನಲ್ಲೇ 'ಅಮ್ಮೆ' ಎಂದು ಬರೆದ. ಅದರ ಕೊನೆಯ ಮನೆಗೆ ಮೇಲಿನಿಂದ ಇಳಿಯುತ್ತಿದ್ದದ್ದು 'ನೀರಿನಲ್ಲೂ ನೆಲದಲ್ಲೂ ಇರುವ ಪ್ರಾಣಿ, ಎರಡಕ್ಷರ.' ಕೊನೆಗೆ 'ಮ್ಮೆ' ಬರಬೇಕಲ್ಲ? ಎಮ್ಮೆ!

ಕಾಫಿ ತಂದ ಸೊಸೆ ಪತ್ರಿಕೆಗೆ ಬಗ್ಗಿದಳು. "ಮಾವ, ಅಮ್ಮೆ ಅಂದ್ರೆ ನಮ್ಮಲ್ಲಿ ಅಪ್ಪ."

"ಮತ್ತೆ ಅಮ್ಮಂಗೆ?"

"ಅಪ್ಪೆ."

"ಇದೆಂಥ ತಲೆಕೆಳಗಾದ ಭಾಷೆನಮ್ಮಾ!"

"ನಾವೆಲ್ಲ ನೆಟ್ಟಗೇ ಇದೀವಿ ಮಾವ. ಅದು ಎಮ್ಮೆ ಅಲ್ಲ, ಕಪ್ಪೆ."

ಹೆಂಡತಿ ಗೋಣಿಚೀಲ ಹಿಡಿದೇ ಹೊರಗೆ ಬಂದಳು.

"ಎಮ್ಮೆ ನೀರಲ್ಲಿ ಇರಲ್ವೇನೇ?"

"ಇರುತ್ತೆ. ನಿಘಂಟು ಮಾತ್ರ ಮನೇಲಿ ಇರಲ್ಲ."

ಹನ್ನೊಂದೂ ಚೀಲ ಸೇರಿದವು. ರದ್ದಿಯವನಿಗೆ ಹೇಳಿಕಳಿಸಿದ್ದೂ ಆಯಿತು. ಎಡಬಲ ಕೊರಳಿನ ಟೇಪು ಹಿಡಿದು ಪೆಚ್ಚಾಗಿ ನಿಂತವನು ಒಮ್ಮೆಲೆ ಬೆಚ್ಚಿದ. "ಅಲ್ಲಮ್ಮಾ, ಹೋದ ವಾರ ನಿಮ್ಮ ಅಮ್ಮೆ ಅಳತೆ ಕೊಡು ಅಂದಾಗ..."

"ಅಪ್ಪಂದೇ ಕೊಟ್ಟೆ. ಎದೆ ನಲವತ್ತನಾಲ್ಕು. ಅಂಗಿ ಹೊಲಿದ್ರಲ್ಲ?"

"ರವಿಕೆ ಹೊಲಿದೆ ಕಣಮ್ಮಾ! ಮದುವೇಲಿ ಕಡ್ಡಿ ಹಾಗಿದ್ದ ಬೀಗಿತ್ತಿ ಈಗ ಚಿಂತೆ ಕಳೆದು ಮೈ ತುಂಬ್ಕೊಂಡಿದಾರೆ ಅಂದ್ಕೊಂಡೆ. ಪಾರ್ಸೆಲ್ ಹೋಗಿ ನಾಲ್ಕು ದಿನ ಆಯ್ತು!"

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬೀಗರೇ. ಅವರ ದನಿ ಫೋನಿಲ್ಲದಿದ್ದರೂ ಕೇಳಿಸುವಂಥದ್ದು. "ಬೀಗರೇ, ಅಂಗಿ ತಲುಪ್ತು! ಎದೆಗೆ ಅಚ್ಚು ಹೊಯ್ದ ಹಾಗಿದೆ, ಹೊಟ್ಟೆ ಒಂದು ಹೊರಗೆ. ಬೆನ್ನಿಗೆ ಕಿಟಕಿ ಇಟ್ಟಿದೀರಲ್ಲ, ಸೆಕೆಗೆ ಭಾರೀ ಹಿತ! ಇನ್ನೊಂದು ಹೊಲೀರಿ. ಆದ್ರೆ ಹಿಂದೆ ನೇತಾಡೋ ಆ ಎರಡು ಗೊಂಡೆ ಯಾವ ಜೇಬಿಗೆ ಹಾಕ್ಕೊಳ್ಳೋದು?"

ಹೆಂಡತಿ ನಕ್ಕ ರಭಸಕ್ಕೆ ಬೀದಿಯುದ್ದಕ್ಕೂ ಒಣಹಾಕಿದ್ದ ಬಟ್ಟೆಗಳ ಕ್ಲಿಪ್ಪುಗಳು ಕಳಚಿಬಿದ್ದವು. ನಿಲ್ಲಲಾಗದೆ ಆಕೆ ನಿಘಂಟಿನ ಚೀಲದ ಮೇಲೇ ಕುಸಿದು ಕೂತಳು. ರದ್ದಿಯವನು ಬಂದು ಬಾಗಿಲಲ್ಲಿ ನಿಂತಾಗಲೂ ಏಳಲಾಗಲಿಲ್ಲ.

"ಹೋಗಪ್ಪಾ, ಇವತ್ತೇನೂ ಇಲ್ಲ," ಎಂದು ಕೈಯಾಡಿಸಿದಳು. ಆಮೇಲೆ ಗಂಡನ ಕಡೆ ತಿರುಗಿ, "ಇರ್ಲಿ ಬಿಡಿ. ಬೇರೆ ಭಾಷೆ ಸುಳಿವು ಬಂದ್ರೆ ಮಾತ್ರ ಮೊದಲು ಸೊಸೆನ ಕೇಳ್ಬೇಕು," ಎಂದಳು.

ಎಡಬಲ ತಲೆಯಾಡಿಸಿ, ಎಮ್ಮೆಯನ್ನು ಹೊಡೆದುಹಾಕಿ, ಮೇಜಿನ ಮೇಲೆ ಬಟ್ಟೆ ಹರಡಿದ. ಬೀಗರ ಗೊಂಡೆಗೆ ಜೇಬು ಇಡಬೇಕಿತ್ತು.