ಜಲ್ಲಿ ಲಾರಿಗೊಂದು ಏರ್ ಫಿಲ್ಟರ್

ನನ್ನ ಬಿಡಿಭಾಗದ ಅಂಗಡಿಗೆ ಬರುವ ಡ್ರೈವರುಗಳಲ್ಲಿ ಹೆಂಗಸು ಅಂತ ಇರುವವಳು ಅವಳೊಬ್ಬಳೇ. ಎಲ್ಲರೂ ಲಾರಿಯಕ್ಕ ಅನ್ನುತ್ತಾರೆ. ಐದಡಿಗೆ ಒಂದಿಂಚು ಕಡಿಮೆ. ಸೀಟಿನ ಮೇಲೆ ಮನೆಯ ದಿಂಬು ಎರಡು ಹಾಕಿಕೊಂಡು, ಕ್ರಷರ್‌ನಿಂದ ಕಟ್ಟಡದ ಕೆಲಸ ನಡೆಯುವ ಕಡೆಗೆಲ್ಲ ಜಲ್ಲಿ ಹೊಡೆಯುತ್ತಾಳೆ.

ಎಂಟು ತಿಂಗಳ ಹಿಂದಿನವರೆಗೆ ಅವಳು ಮನೆಯಲ್ಲಿ ಕೂತು ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದಳು. ಲಾರಿ ಗಂಡನದು. ದೂರದ ಬಾಡಿಗೆ, ತಿಂಗಳಿಗೆರಡು ಸಲ ಮನೆಗೆ ಬಂದರೆ ಅದೇ ಹೆಚ್ಚು. ಮನೆಯಲ್ಲಿರಿ, ಏನಾದರೂ ಮಾಡಿ ಬದುಕೋಣ ಅಂತ ಇವಳು ಮದುವೆಯಾದಾಗಿನಿಂದ ಗೋಗರೆಯುತ್ತಿದ್ದಳು. ಅವನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದ. ಬದಲಿಗೆ, ಬಿಡುವಿದ್ದಾಗ ಖಾಲಿ ಮೈದಾನದಲ್ಲಿ ಇವಳಿಗೇ ಲಾರಿ ಓಡಿಸುವುದನ್ನು ಕಲಿಸಿದ, ತಮಾಷೆಗೆ. ಲೈಸೆನ್ಸೂ ಮಾಡಿಸಿದ. ಆಮೇಲೆ ಒಂದು ಬೆಳಿಗ್ಗೆ ಲೋಡಿಂಗ್ ಸಾಲಿನಲ್ಲಿ, ಸ್ಟಿಯರಿಂಗ್ ಹಿಂದೆ ಕೂತಲ್ಲೇ ಎದೆ ನಿಂತುಹೋಯಿತು. ಮುಂದಿನ ಗಾಡಿ ಸರಿದರೂ ಇವನದು ಸರಿಯದಿದ್ದಾಗ ಹಿಂದಿನವರು ಐದು ನಿಮಿಷ ಹಾರ್ನ್ ಹೊಡೆದರಂತೆ.

ಇವಳು ಅಳಲಿಲ್ಲ. ತಿಂಗಳು ತುಂಬುವ ಮೊದಲೇ ಲಾರಿ ಹತ್ತಿದಳು. ಕಲ್ಲು ಮನಸ್ಸಿನವಳು ಅಂತ ಆಡಿಕೊಂಡವರ ನಾಲಿಗೆಗೆ ಮೂಳೆ ಇದ್ದಿದ್ದರೆ ನಾನೇ ಮುರಿಯುತ್ತಿದ್ದೆ. ಒಂದು ದಿನ ಫ್ಯಾನ್ ಬೆಲ್ಟ್ ಕೊಳ್ಳಲು ಬಂದಾಗ ನನ್ನ ಕೌಂಟರ್ ಮೇಲೆ ರಕ್ತ ಬಿತ್ತು. ಲಾರಿಯ ಹಿಂಬಾಗಿಲಿಗೆ ಸಿಕ್ಕಿ ಅವಳ ಉಗುರು ಕಿತ್ತುಬಂದಿತ್ತು. ನಾನು ತೋರಿಸಿದೆ. "ಓ," ಅಂದಳು, ಪಕ್ಕದವರ ಬೆರಳು ನೋಡಿದ ಹಾಗೆ. ಏನು ಕೇಳಿದರೂ ಹೂಂ, ಊಹೂಂ, ಅಷ್ಟೇ. ಗಟ್ಟಿಯಾಗಿ ಹೇಳುತ್ತಿದ್ದದ್ದು ಒಂದೇ ಮಾತು. ಗಂಡನ ಅಣ್ಣ ಮೂರು ಸಲ ಲಾರಿಗೆ ಗಿರಾಕಿ ಹಿಡಿದು ತಂದಾಗಲೂ ಮೂರು ಸಲವೂ ಅದನ್ನೇ ಹೇಳಿ ಕಳಿಸಿದ್ದಳು: "ಅವರು ಇದನ್ನ ಮಾರ್ತಿರಲಿಲ್ಲ."

ಮೊನ್ನೆ ಶನಿವಾರ ಮಧ್ಯಾಹ್ನ ಹಳೇ ಏರ್ ಫಿಲ್ಟರನ್ನು ತಂದು ಕೌಂಟರ್ ಮೇಲೆ ಇಟ್ಟಳು. ಇದ್ದಿಲ ಬಣ್ಣಕ್ಕೆ ತಿರುಗಿತ್ತು.

"ಅಣ್ಣಾ, ಏರು ರಸ್ತೇಲಿ ಗಾಡಿ ಎಳೀತಿಲ್ಲ. ಬರೀ ಕಪ್ಪು ಹೊಗೆ. ಪ್ರತಿ ವಾರ ಗಾಳಿ ಹೊಡಿಸಿ ಇದರ ದೂಳು ತೆಗೆಸಿದೀನಿ, ಆದ್ರೂ ಹಿಂಗೆ. ಒಳ್ಳೇದೊಂದು ಕೊಡಿ."

ಆ ಫಿಲ್ಟರ್ ಯಾವುದು, ಯಾಕೆ ಆ ಲಾರಿಯಲ್ಲಿತ್ತು ಅಂತ ನನಗೆ ಗೊತ್ತಿತ್ತು. ಅದನ್ನು ಮರೆಮಾಚಲು ಮಾತು ಶುರುಮಾಡಿದೆ. ಮೂರು ಡಬ್ಬ ಇಳಿಸಿದೆ.

"ಇದು ಕಂಪನಿದು. ಇದು ಹೊರಗಿನ ಮಾಲು, ಆದ್ರೆ ದಪ್ಪ ಕಾಗದ, ಒಳಗೆ ಇನ್ನೊಂದು ಪದರ ಇದೆ. ಇದು ತೊಳೆದು ಎಣ್ಣೆ ಹಾಕಿ ಮತ್ತೆ ಹಾಕ್ಕೊಳ್ಳೋದು. ನೋಡೋಕೆ ಮದುಮಗನ ಥರ ಇದೆ, ನಂಬಬೇಡ. ಎಣ್ಣೆ ಒಂಚೂರು ಹೆಚ್ಚಾದ್ರೆ ಸೆನ್ಸರಿಗೆ ಮೆತ್ಕೊಂಡು ಗಾಡಿ ಮುಷ್ಕರ ಹೂಡುತ್ತೆ. ಟರ್ಬೊ ಡೀಸೆಲ್ ಗಾಳಿ ಎಳೆಯೋದೇ ಜೋರು ತಂಗಿ, ಕ್ರಷರ್ ದೂಳು ಒಳಗೆ ಹೋದ್ರೆ ಟರ್ಬೊ ರೆಕ್ಕೆ ಸವೆದು ಚಮಚ ಆಗುತ್ತೆ. ನಿನ್ನ ದಾರಿಗೆ ಆ ದಪ್ಪದ್ದೇ ಸರಿ. ಎಷ್ಟು ವರ್ಷ ಇಟ್ಕೊತೀಯ ಗಾಡೀನ?"

ಎಲ್ಲ ಗಿರಾಕಿಗೂ ಕೇಳುವ ಪ್ರಶ್ನೆ. ಬಾಯಿತಪ್ಪಿ ಬಂತು.

"ನಾಳೆ ಹತ್ತು ಗಂಟೆಗೆ ಭಾವ ಇನ್ನೊಬ್ಬರನ್ನ ಕರ್ಕೊಂಡು ಬರ್ತಿದಾರೆ. ಇದೇ ಕೊನೆ ಅಂದಿದಾರೆ," ಅಂದಳು. "ಮಗಳು ಒಬ್ಬಳೇ ಇರ್ತಾಳೆ, ನನ್ನ ಸೊಂಟಾನೂ ಹೋಗಿದೆ. ಆದ್ರೂ ಬೇಡ ಅಂತೀನಿ. ಅವರು ಮಾರ್ತಿರಲಿಲ್ಲ."

ಹೇಳುತ್ತಲೇ ದಪ್ಪದ್ದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ಹೆಬ್ಬೆರಳಲ್ಲಿ ಕಾಗದದ ನೆರಿಗೆ ಸವರಿದಳು. ಲಂಗಕ್ಕೆ ನೆರಿಗೆ ಹಿಡಿದ ಕೈ, ಅದಕ್ಕೆ ಮೋಸ ಮಾಡಲಾಗುವುದಿಲ್ಲ.

"ಈ ಹಳೇದರಲ್ಲಿ ನೆರಿಗೆ ಅರ್ಧಾನೂ ಇಲ್ಲ. ತೀರಾ ಅಗ್ಗದ್ದು. ಅವರು ಇಂಥದ್ದು ಹಾಕೋರೇ ಅಲ್ಲ. ನಿಮ್ಮ ಅಂಗಡೀದಾ ಅಣ್ಣಾ?"

ಬೇರೆಯವರ ಮನೆಯ ವಿಷಯಕ್ಕೆ ಮೂಗು ತೂರಿಸುವ ಚಟ ನನಗಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಮ್ಮ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಇದು: ಗಾಡಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವನು ಒಂದು ದಿನ ಬಂದು ಇರುವುದರಲ್ಲೇ ಅಗ್ಗದ ಫಿಲ್ಟರ್ ಕೇಳಿದರೆ, ಅವನು ಗಾಡಿ ಮಾರುತ್ತಿದ್ದಾನೆ. ಅವಳ ಗಂಡ ಕೇಳಿದಾಗ ನಾನು ರೇಗಿಸಿದ್ದೆ. ಅವನು ಒಪ್ಪಿಕೊಂಡಿದ್ದ. ಅದಾಗಿ ಹನ್ನೊಂದನೇ ದಿನಕ್ಕೆ ಸತ್ತ. ಸಾವಿನ ಮನೆಯಲ್ಲಿ ಇದನ್ನು ಹೇಗೆ ಹೇಳುವುದು ಅಂತ ಸುಮ್ಮನಾದೆ. ಅವಳು ಲಾರಿ ಹತ್ತಿದ ಮೇಲೆ ಹೇಳಲು ಹೆದರಿದೆ. ಬಾಯಿಗೆ ಬೀಗ ಹಾಕಿಕೊಂಡು ಎಂಟು ತಿಂಗಳು ಅವಳಿಗೆ ಬೆಲ್ಟು, ಆಯಿಲ್ಲು ಮಾರಿದೆ.

"ನಂದೇ," ಅಂದೆ. "ಅವನು ಮಾರೋಕೆ ಹೊರಟಿದ್ದ ತಂಗಿ. ಅವಳಿಗೆ ಈಗಲೇ ಹೇಳ್ಬೇಡಿ, ನಾನೇ ಹೇಳ್ತೀನಿ ಅಂದಿದ್ದ."

ಅವಳ ಮುಖ ಹಾಗೇ ಇತ್ತು. "ಮಾರಿ?"

"ಸಾಕು ಅಣ್ಣಾ, ಮನೇಲಿ ಇರ್ತೀನಿ ಅಂದ."

"ಮನೇಲಿ ಇರ್ತೀನಿ ಅಂದ್ರಾ?"

"ಹೂಂ."

"ಇದೇ ಮಾತಾ?"

"ಇದೇ ಮಾತು."

"ಬೇಜಾರಲ್ಲಿ ಹೇಳಿದ್ರಾ, ನಗ್ತಾ ಹೇಳಿದ್ರಾ?"

"ನಗ್ತಾ."

ಬೀದಿಯಲ್ಲಿ ಯಾರೋ ಟೈರು ಉರುಳಿಸಿಕೊಂಡು ಹೋದರು. ಆಮೇಲೆ ಮೂರೂ ಡಬ್ಬಗಳನ್ನು ನನ್ನ ಕಡೆಗೆ ತಳ್ಳಿದಳು.

"ಹಳೇದರ ಥರದ್ದೇ ಕೊಡಿ. ನಾಳೆ ಹತ್ತು ಗಂಟೆವರೆಗೆ ಎಳೆದ್ರೆ ಸಾಕು."

ಕೊಟ್ಟೆ. ದುಡ್ಡು ಬೇಡವೆಂದರೂ ಇಟ್ಟಳು. ಮೆಟ್ಟಿಲವರೆಗೆ ಹೋದವಳು ತಿರುಗಿದಳು. ದನಿ ಏರಲಿಲ್ಲ, ಕಣ್ಣು ಒದ್ದೆಯಾಗಲಿಲ್ಲ.

"ಹದಿನೈದು ವರ್ಷ ಈ ಒಂದು ಮಾತಿಗೆ ಕಾದಿದ್ದೆ ಅಣ್ಣಾ," ಅಂದಳು. "ಅದು ನನ್ನದು. ಎಂಟು ತಿಂಗಳು ನೀವು ಇಟ್ಕೊಂಡ್ರಲ್ಲ."