ಅಪ್ಪನ ಸ್ಟಾಕ್ ಲಿಸ್ಟು ಇಂಟರ್ನೆಟ್ಟಿಗೆ ಏರಿದ್ದು

ನಮ್ಮಪ್ಪ ಪುಸ್ತಕ ಕದಿಯುತ್ತಿದ್ದ. ಹೀಗೆ ನೆಟ್ಟಗೆ ಬರೆದರೆ ಸ್ವರ್ಗದಿಂದಲೇ ನನಗೊಂದು ಮೆಮೊ ಬರಬಹುದು, ಬರಲಿ. ಸರ್ಕಾರಿ ಸ್ಟೋರ್ಸಿನಲ್ಲಿ ಸ್ಟೋರ್ ಕೀಪರ್ ಆಗಿ ಧರ್ಮಪುರಿ, ಮೆಟ್ಟೂರು, ಸೇಲಂ ಅಂತ ಸುತ್ತಿದವನು. ಹೋದ ಊರಲ್ಲೆಲ್ಲ ಕನ್ನಡ ಮಾತಾಡುವ ಮನೆ ಹುಡುಕುತ್ತಿದ್ದ. ಕಾಫಿ ಕುಡಿಯುತ್ತಾ ಅಟ್ಟದ ಕಡೆ ಕಣ್ಣು ಹಾಯಿಸುತ್ತಿದ್ದ. "ಓದ್ಬುಟ್ಟು ಕೊಡ್ತೀನಿ" ಅಂತ ಒಂದು ಪುಸ್ತಕವನ್ನು ಕಂಕುಳಿಗೆ ಇರುಕಿಕೊಂಡು ಹೊರಡುತ್ತಿದ್ದ. ಓದುತ್ತಿದ್ದ, ಅದರಲ್ಲಿ ಮೋಸವಿಲ್ಲ. ಕೊಡುತ್ತಿರಲಿಲ್ಲ.

ಇದಕ್ಕೆ ಅವನ ಬಳಿ ಕಾರಣವೂ ಇತ್ತು. ಮದುವೆಗೆ ಮುಂಚೆ ಒಮ್ಮೆ ಧರ್ಮಪುರಿ ಬಸ್ ಸ್ಟ್ಯಾಂಡಿನಲ್ಲಿ ಕಡ್ಲೆಕಾಯಿ ಕೊಂಡಿದ್ದನಂತೆ. ಪೊಟ್ಟಣ ಬಿಚ್ಚಿದರೆ ಕನ್ನಡ ಕಾದಂಬರಿಯ ಒಂದು ಹಾಳೆ. ಯಾರೋ ಬಾಗಿಲು ತಟ್ಟುವ ಕಡೆಗೆ ಹಾಳೆ ಮುಗಿದಿತ್ತು. ಮುಂದಿನ ಹಾಳೆ ಕೇಳಿದರೆ ಕಡ್ಲೆಕಾಯಿಯವನು "ಇನ್ನೊರು ಪೊಟ್ಟಲಂ ವಾಂಗುಂಗ ಸಾರ್" ಅಂದನಂತೆ, ಇನ್ನೊಂದು ಪೊಟ್ಟಣ ಕೊಳ್ಳಿ ಅಂತ. ಬಾಗಿಲು ತಟ್ಟಿದವರು ಯಾರು ಅಂತ ತಿಳಿಯಲು ಅಪ್ಪ ಪೊಟ್ಟಣದ ಮೇಲೆ ಪೊಟ್ಟಣ ತಿಂದು, ಹೊಟ್ಟೆ ಕೆಡಿಸಿಕೊಂಡು, ಕೊನೆಗೂ ತಿಳಿಯದೆ ಮನೆಗೆ ಬಂದ. ಅವತ್ತಿನಿಂದ ಅವನಿಗೆ ಒಂದೇ ದಿಗಿಲು, ಕನ್ನಡ ಓದಲು ಬಾರದವರ ಮನೆಯಲ್ಲಿರುವ ಪುಸ್ತಕವೆಲ್ಲ ಕಡ್ಲೆಕಾಯಿಯ ಪಾಲು ಅಂತ.

"ಅವ್ರ ಮನೇಲಿ ಓದೋರು ಯಾರವ್ರೆ ಮಗಾ? ಐಕಳೆಲ್ಲ ತಮಿಳು ಇಸ್ಕೂಲು. ನಾನು ಕಾಪಾಡ್ತಿವ್ನಿ" ಅನ್ನುತ್ತಿದ್ದ.

"ಕಳ್ತನಕ್ಕೆ ಕನ್ನಡಾಭಿಮಾನ ಅಂತ ಹೆಸ್ರು ಮಡ್ಗವ್ರೆ ನಿಮ್ಮಪ್ಪ" ಅನ್ನುತ್ತಿದ್ದಳು ಅಮ್ಮ.

ಸೇಲಂನ ನಮ್ಮ ಮನೆಯಲ್ಲಿ ಮಂಚದ ಕೆಳಗೆ, ಅಕ್ಕಿ ಡಬ್ಬದ ಮೇಲೆ, ದೇವರ ಗೂಡಿನ ಪಕ್ಕ, ಎಲ್ಲಿ ಕೈಯಿಟ್ಟರೂ ಪುಸ್ತಕ. ತಮಾಷೆ ಏನೆಂದರೆ ಅಪ್ಪನನ್ನು ಬಿಟ್ಟರೆ ನಮ್ಮ ಮನೆಯಲ್ಲೂ ಓದುವವರು ಯಾರೂ ಇರಲಿಲ್ಲ. ನಾನು ಕಲಿತದ್ದು ತಮಿಳು ಶಾಲೆಯಲ್ಲಿ. ಕನ್ನಡ ನನಗೆ ಬೈಸಿಕೊಳ್ಳಲಿಕ್ಕೆ, ಜಗಳಕ್ಕೆ, ಜ್ವರ ಬಂದಾಗ ನರಳಲಿಕ್ಕೆ ಇದ್ದ ಭಾಷೆ. ಅದರ ಅಕ್ಷರ ಕಂಡರೆ ಜಿಲೇಬಿ ನೆನಪಾಗುತ್ತಿತ್ತು, ಅಷ್ಟೆ.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕಂಪ್ಯೂಟರ್ ಕೋರ್ಸ್ ಮುಗಿಸಿ ಒಂದು ಬ್ರೌಸಿಂಗ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದೆ. ಕೆಲಸವೆಂದರೆ, ಪರದೆ ಹಾಕಿದ ಗೂಡುಗಳೊಳಗೆ ಗಂಡು ಹೈಕಳು ಏನು ನೋಡುತ್ತಿದ್ದಾರೆ ಅಂತ ಗೊತ್ತಿದ್ದೂ ಗೊತ್ತಿಲ್ಲದ ಮುಖ ಮಾಡಿಕೊಂಡು ಕೂತಿರುವುದು. ಆಗ ತಾನೇ ರಿಟೈರ್ ಆಗಿದ್ದ ಅಪ್ಪ ದಿನಾ ಸಂಜೆ ನನಗೆ ತಿಂಡಿ ಡಬ್ಬಿ ತರುವ ನೆಪದಲ್ಲಿ ಬಂದು ಕೂರುತ್ತಿದ್ದ.

"ಆ ಪೆಟ್ಗೇಲಿ ಏನೈತೆ ಮಗಾ?"

"ಪ್ರಪಂಚಾನೇ ಐತೆ ಅಪ್ಪಾ."

"ಕನ್ನಡ ಐತಾ?"

ಹುಡುಕಿದೆ. ಆಗ ಎಲ್ಲಿತ್ತು? "ಕಾಣಿಸ್ತಾ ಇಲ್ಲ" ಅಂದೆ.

"ಅಂಗಾದ್ರೆ ಎಂಥಾ ಪ್ರಪಂಚ ಬುಡು."

ಅವನ ಬಾಯಿ ಮುಚ್ಚಿಸಬೇಕು ಅಂತ, ನಿನ್ನ ಪುಸ್ತಕದ ಪಟ್ಟಿಯನ್ನೇ ಇದರಲ್ಲಿ ಹಾಕೋಣ, ಯಾವ ದೇಶದಲ್ಲಿ ಕೂತವರಿಗೂ ಕಾಣುತ್ತದೆ, ಓದಬೇಕು ಅನ್ನುವವರು ಕೇಳಿಕೊಂಡು ಬರುತ್ತಾರೆ ಅಂದುಬಿಟ್ಟೆ. ಅಪ್ಪನ ಮುಖ ಅರಳಿತು. ಮರುಕ್ಷಣವೇ ಸ್ಟೋರ್ ಕೀಪರ್ ಎಚ್ಚರಗೊಂಡ. "ಬರ್ಲಿ. ಇಲ್ಲೇ ಕೂತ್ಕೊಂಡು ಓದ್ಲಿ. ಒರಗಡೆ ಮಾತ್ರ ಬುಡಾಕಿಲ್ಲ."

ಹಂಚಿಕೊಳ್ಳುವುದು ಅಂದರೆ ಅವನ ಪ್ರಕಾರ ಅಷ್ಟೇ. ಮಾಲು ಎಲ್ಲರಿಗೂ ಕಾಣಬೇಕು, ಜಾಗದಿಂದ ಕದಲಬಾರದು.

ಹೀಗೆ ಶುರುವಾಯಿತು. ಮನೆಯಲ್ಲಿ ಅಪ್ಪ ಮೈದಾ ಗೋಂದು ಕಾಯಿಸಿ ಪ್ರತಿ ಪುಸ್ತಕದ ಮೊದಲ ಪುಟಕ್ಕೂ ನಂಬರಿನ ಚೀಟಿ ಅಂಟಿಸಿದ. ಸೆಂಟರಿಗೆ ಚೀಲದಲ್ಲಿ ಹೊತ್ತು ತಂದು ಒಂದೊಂದನ್ನೇ ಓದಿ ಹೇಳುತ್ತಿದ್ದ, ನಾನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಿದ್ದೆ. ನಂಬರು, ಹೆಸರು, ಬರೆದವರು, ಸ್ಥಿತಿ. ಸ್ಥಿತಿ ಅನ್ನುವ ಕಡೆ ಅಪ್ಪ ಹೇಳುತ್ತಿದ್ದದ್ದು ಕೇಳಬೇಕಿತ್ತು: "ಗೆದ್ದಲು ರಟ್ಟು ತಿಂದೈತೆ, ಕತೆ ಬುಟ್ಟೈತೆ." ಇನ್ನೊಂದಕ್ಕೆ, "ಮಾಲು ಸುಮಾರು, ಬೈಂಡಿಂಗ್ ಗಟ್ಟಿ."

ಒಂದನೇ ನಂಬರಿನದು ಒಂದು ದಪ್ಪ ಕಾದಂಬರಿ. ಹೆಸರು ಹೇಳುವುದಿಲ್ಲ, ಹೇಳಿದರೆ ಇನ್ಯಾರಾದರೂ ನಂದು ಅಂತ ಬಂದಾರು. ಅಪ್ಪ ಮೊಟ್ಟಮೊದಲು ಎತ್ತಿಕೊಂಡು ಬಂದ ಪುಸ್ತಕ ಅದು. ಪ್ರತಿ ಪೊಂಗಲ್ ರಜೆಯಲ್ಲಿ ಅದನ್ನು ಮೊದಲಿಂದ ಓದುತ್ತಿದ್ದ, ಅದೇ ಜಾಗದಲ್ಲಿ ನಗುತ್ತಿದ್ದ, ಅದೇ ಜಾಗದಲ್ಲಿ ಎದ್ದು ಹೋಗಿ ಮೂಗು ಸೀನಿಕೊಂಡು ಬರುತ್ತಿದ್ದ. ಮನೆಗೆ ಬೆಂಕಿ ಬಿದ್ದರೆ ಅಪ್ಪ ಮೊದಲು ಅದನ್ನು ಎತ್ತಿಕೊಳ್ಳುತ್ತಾನೆ, ಆಮೇಲೆ ನಮ್ಮನ್ನು ಅಂತ ಅಮ್ಮ ಹೇಳುತ್ತಿದ್ದಳು. ನನಗೂ ಹಾಗೇ ಅನ್ನಿಸುತ್ತಿತ್ತು.

ಇನ್ನೇನು ಪಟ್ಟಿ ಮುಗಿಯಿತು ಅನ್ನುವಾಗ ಅಪ್ಪ, "ಎಲ್ಲಿಂದ ಬಂತು ಅನ್ನೋ ಕಾಲಂ ಎಲ್ಲಿ?" ಅಂದ.

"ಅದ್ಯಾಕಪ್ಪಾ? ಎಲ್ರೂ ನೋಡ್ತಾರೆ."

"ಎಲ್ಲಿಂದ ಬಂತು ಅಂತ ಬರೀದೆ ಇರೋ ಮಾಲು ಕಳ್ಳ ಮಾಲು ಕಣೇ. ಅದಿಲ್ದೆ ಸ್ಟಾಕ್ ಎಂಗ್ ತೋರ್ಸೋದು?"

ನಾನು ತಲೆ ಚಚ್ಚಿಕೊಂಡೆ. ಜೀವಮಾನವೆಲ್ಲ ಸ್ಟೋರ್ಸಿನಲ್ಲಿ ಒಂದು ಬೋಲ್ಟನ್ನೂ ಮೂಲ ಕಾಣಿಸದೆ ಒಳಗೆ ತೆಗೆದುಕೊಳ್ಳದವನು ಇವನು. ಯಾರ ಮನೆ, ಯಾವ ಊರು, ಅಟ್ಟವೋ ಬೀರುವೋ, ಒಂದೂ ಬಿಡದೆ ಹೇಳಿದ. ಒಂದನೇ ನಂಬರಿನ ಎದುರಿಗೆ "ಪೆನ್ನಾಗರದ ಹತ್ರ, ಅಕ್ಕನ ಮನೆ, ಅಟ್ಟದ ಮೇಲಿಂದ" ಅಂತ ಹಾಕಿಸಿದ. ಹೀಗೆ ಕಳ್ಳ ತಾನೇ ಕೂತು ತನ್ನ ಎಫ್‌ಐಆರ್ ಬರೆಸಿ, ಅದನ್ನು ಪ್ರಪಂಚಕ್ಕೆಲ್ಲ ಕಾಣುವ ಹಾಗೆ ತೂಗುಹಾಕಿದ.

ಪುಟದ ಕೆಳಗೆ ಎಷ್ಟು ಜನ ನೋಡಿದರು ಅಂತ ಲೆಕ್ಕ ತೋರಿಸುವ ಒಂದು ಮೀಟರ್ ಇತ್ತು. ಅಪ್ಪ ದಿನಾ ಬಂದು ತೆಗೆಸಿ ನೋಡುತ್ತಿದ್ದ. "ಏರೈತೆ ಮಗಾ! ಯಾರೋ ನೋಡವ್ರೆ!" ಅಂತ ಕುಣಿಯುತ್ತಿದ್ದ. ನೋಡಿದವನು ಅವನೇ. ತೆಗೆದಾಗೊಮ್ಮೆ ಅದು ಒಂದು ಏರುತ್ತದೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ನಿಜವಾಗಿಯೂ ಒಬ್ಬರು ನೋಡಿದರು. ನಮ್ಮ ದೂರದ ನೆಂಟರ ಪೈಕಿ ಯಾರೋ ಬೆಂಗಳೂರಿನಲ್ಲಿ ನೋಡಿ, ಪ್ರಿಂಟ್ ತೆಗೆದು, ಧರ್ಮಪುರಿಯ ತಮ್ಮ ಮಾವನಿಗೆ ಬಸ್ಸಿನಲ್ಲಿ ಕಳಿಸಿದರು. ಮಾವ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಅದನ್ನು ಜೆರಾಕ್ಸ್ ಮಾಡಿಸಿ ಕನ್ನಡದವರ ಮನೆಮನೆಗೂ ಹಂಚಿದರು. ನಮ್ಮ ಸೀಮೆಯಲ್ಲಿ ಇಂಟರ್ನೆಟ್ಟು ಹರಡಿದ್ದು ಹೀಗೆ, ಟೌನ್ ಬಸ್ಸಿನಲ್ಲಿ.

ಮೊದಲು ಬಂದವರು ಆ ಮಾವನೇ. ಬಾಗಿಲಲ್ಲಿ ನಿಂತು ಜೆರಾಕ್ಸ್ ಅಲ್ಲಾಡಿಸುತ್ತಾ, "ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ! ನಮ್ಮ ತಾತನ ಪುಸ್ತಕ ತಗಿ ಆಚೆಗೆ" ಅಂದರು.

ಅಪ್ಪ ಬೆವೆತ. ಅಮ್ಮ ಕಾಫಿ ತಂದಳು. ಕಾಫಿ ಮುಗಿಯುವಷ್ಟರಲ್ಲಿ ಅಪ್ಪನಿಗೆ ಉಪಾಯ ಹೊಳೆಯಿತು. ಒಳಗೆ ಹೋಗಿ ಒಂದು ಇಂಡೆಂಟ್ ಚೀಟಿ ಗೀಚಿಕೊಂಡು ಬಂದ. ಸ್ಟೋರ್ಸಿನಿಂದ ಯಾವ ಮಾಲು ಹೊರಗೆ ಹೋಗಬೇಕಾದರೂ ಪಡೆಯುವವರು ರುಜು ಹಾಕುವ ಚೀಟಿ ಅದು.

"ಧಾರಾಳವಾಗಿ ತಗೊಂಡೋಗಿ. ಒಂದು ಸೈನ್ ಆಕಿ."

ಅವರು ತಮಿಳಿನಲ್ಲಿ ಹಾಕಿದರು.

"ಅದಾಗಲ್ಲ. ಕನ್ನಡದಾಗೆ ಆಕ್ಬೇಕು. ಕನ್ನಡ ಪುಸ್ತಕ ತಗೊಂಡೋಗೋರಿಗೆ ಎಸರಾದ್ರೂ ಕನ್ನಡದಾಗೆ ಬರ್ಬೇಕಲ್ವಾ?"

ಮಾವ ಪೆನ್ನು ಹಿಡಿದು ಮೇಲೆ ನೋಡಿದರು, ಕೆಳಗೆ ನೋಡಿದರು. "ಎನ್ನಯ್ಯಾ ಇದು ಅನಿಯಾಯಂ!" ಅಂತ ತಮಿಳಿನಲ್ಲೇ ಕೂಗಾಡಿದರು. ಆಮೇಲೆ ಊಟ ಮಾಡಿ ಬರಿಗೈಯಲ್ಲಿ ಹೋದರು. ಅವರ ಹಿಂದೆ ಇನ್ನಷ್ಟು ಜನ ಬಂದರು. ಅಪ್ಪನ ಒಂದು ಪುಸ್ತಕವೂ ಕದಲಲಿಲ್ಲ, ಅಮ್ಮನ ಅಕ್ಕಿ ಡಬ್ಬ ಮಾತ್ರ ತಳ ಕಂಡಿತು.

"ನಿಮ್ಮ ಸ್ಟಾಕಿಗೆ ನನ್ ಅಡಿಗೆಮನೆ ಕಾವಲು" ಅಂತ ಅವಳು ಪಾತ್ರೆ ಕುಕ್ಕುತ್ತಿದ್ದಳು. ನಮ್ಮ ಮನೆ ಪುಸ್ತಕವನ್ನು ಈ ಕಾನೂನಿನಂತೆ ನಾನೂ ಪಡೆಯುವಂತಿರಲಿಲ್ಲ ಅನ್ನುವುದು ಅಪ್ಪನಿಗೆ ಹೊಳೆದೇ ಇರಲಿಲ್ಲ. ನನಗೆ ಹೊಳೆದಿತ್ತು, ಮೈ ಉರಿದಿತ್ತು.

ಒಂದು ಬೆಳಿಗ್ಗೆ ಒಬ್ಬ ಅಜ್ಜಿ ಬಂದಳು. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಕಡ್ಲೆಕಾಯಿ ತುಂಬಿದ ಚೀಲ. "ತೊಪ್ಪೂರು ಘಾಟಿಯಾಗೆ ಕರುಳೆಲ್ಲ ಬಾಯಿಗೆ ಬಂತು ಕಣವ್ವಾ" ಅಂತ ಜಗುಲಿಯಲ್ಲೇ ಕುಸಿದು ಕೂತಳು. ಅಪ್ಪ ಹೊರಗೆ ಬಂದವನು ಕಡ್ಲೆಕಾಯಿ ನೋಡಿದ, ಆಮೇಲೆ ಮುಖ ನೋಡಿದ, ಬಣ್ಣಗೆಟ್ಟ. ಪೆನ್ನಾಗರದ ಅಕ್ಕ. ಅಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವಳ ಮನೆಯ ಮುಂದಿನ ಕೋಣೆಯಲ್ಲಿ ಇದ್ದವನು. ಅನ್ನ ಹಾಕಿದವಳು ಇವಳು. ಅಟ್ಟ ಹತ್ತಲು ಏಣಿ ಕೊಟ್ಟವಳೂ ಇವಳೇ.

"ಏನ್ ತಮ್ಮಾ, ಓದಾಯ್ತಾ?"

ಅಪ್ಪ ಹಲ್ಲು ಬಿಟ್ಟ.

"ಆಗದಿದ್ರೂ ಸರಿ, ಕೊಡು. ನಮ್ಮನೆಯವ್ರು ಮದ್ವೇಲಿ ನಂಗೆ ಅಂತ ಕೊಳ್ಳೇಗಾಲದ ಕಡೆಯಿಂದ ತಂದಿದ್ದ ಪುಸ್ತಕ ಅದು. ಮೊದ್ಲನೇ ಆಳೇಲಿ ನನ್ ಎಸ್ರು ಬರ್ದವ್ರೆ."

ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಒಳಗೊಳಗೇ ಲೆಕ್ಕ ಹಾಕುತ್ತಿದ್ದ. ಈ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಅದು ಅವನಿಗೆ ಗೊತ್ತು. ಒಳಗೆ ಹೋಗಿ ಇಂಡೆಂಟ್ ಚೀಟಿ ತಂದಾಗ ಅವನ ತುಟಿಯ ಮೂಲೆಯಲ್ಲಿ ಸಣ್ಣ ನಗು ಇತ್ತು. ನನಗೆ ಅಸಹ್ಯವಾಯಿತು. ಅಪ್ಪ ಅನ್ನುವುದನ್ನೂ ನೋಡದೆ ಕೆನ್ನೆಗೆ ಎರಡು ಬಿಡೋಣ ಅನ್ನಿಸಿತು.

"ರೂಲ್ಸು ಅಕ್ಕಾ. ಎಲ್ರಿಗೂ ಒಂದೇ. ಕನ್ನಡದಾಗೆ ಸೈನ್ ಆಕ್ಬೇಕು."

"ಸೈನ್ ತಾನೇ? ಬರ್ತೈತೆ, ಕೊಡು" ಅಂದಳು ಅಜ್ಜಿ. ಅಪ್ಪನ ನಗು ಅಲ್ಲೇ ಆರಿತು. "ಓದೋಕೆ ಬರಾಕಿಲ್ಲ. ಎಸ್ರು ಬರಿಯೋದೊಂದು ಅವ್ರು ಕಲ್ಸಿದ್ರು."

ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಹೊರಗೆ ಹಾಕಿ, ಮೊದಲ ಅಕ್ಷರ ಬರೆದಳು. ದುಂಡಗೆ, ದೊಡ್ಡದಾಗಿ ಬಂತು. ಎರಡನೆಯದಕ್ಕೆ ನಿಂತಳು. ಪೆನ್ನು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು.

"ಮರ್ತೋಯ್ತು ತಮ್ಮಾ" ಅಂದಳು. "ಅವ್ರು ತೀರ್ಕೊಂಡ್ಮೇಲೆ ಎಲ್ಲಾ ಕಡೆ ಎಬ್ಬೆಟ್ಟೇ ಒತ್ತಿಸ್ಕೊತಾರೆ. ರೇಷನ್ ಅಂಗ್ಡೀಲೂ ಅಷ್ಟೇಯ. ದಿನ ದಿನಕ್ಕೂ ಒಂದೊಂದೇ ಅಕ್ಷರ ಜಾರೋಯ್ತು. ಅದ್ಕೇ ಬಂದಿದ್ದು. ಆ ಆಳೇಲಿ ಐತಲ್ಲ, ನೋಡ್ಕೊಂಡು ಬರೀತೀನಿ."

ಅಂದರೆ ಪುಸ್ತಕ ಸಿಗಬೇಕಾದರೆ ರುಜು ಹಾಕಬೇಕು, ರುಜು ಹಾಕಬೇಕಾದರೆ ಪುಸ್ತಕ ಬೇಕು. ಅಪ್ಪನ ಕಾನೂನಿಗೆ ಇದಕ್ಕಿಂತ ಗಟ್ಟಿ ಬೀಗ ಬೇರೆ ಇರಲಿಲ್ಲ. ಅವನು ಸುಮ್ಮನೆ ನಿಂತಿದ್ದರೆ ಸಾಕಿತ್ತು, ಒಂದನೇ ನಂಬರು ಅವನ ಬಳಿಯೇ ಉಳಿಯುತ್ತಿತ್ತು. ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು.

ಅಪ್ಪ ಒಳಗೆ ಹೋದ. ಎಷ್ಟೋ ಹೊತ್ತು ಬರಲಿಲ್ಲ. ಹಿತ್ತಲ ಬಾಗಿಲಿಂದ ಓಡಿಹೋದನೇನೋ ಅಂದುಕೊಂಡೆ. ಕೊನೆಗೆ ಪುಸ್ತಕ ಹಿಡಿದುಕೊಂಡು ಬಂದು ಅಜ್ಜಿಯ ಮುಂದೆ ನೆಲದ ಮೇಲೆ ಕೂತ. ಮೊದಲ ಪುಟ ತೆಗೆದ. ಅಜ್ಜಿ ಬಗ್ಗಿ ನೋಡಿದಳು. ಅಲ್ಲಿ ಅವಳ ಹೆಸರಿರಲಿಲ್ಲ. ಹೆಸರಿನ ಮೇಲೆಯೇ ಅಪ್ಪ ಅಂಟಿಸಿದ ಒಂದನೇ ನಂಬರಿನ ಚೀಟಿ ಇತ್ತು.

"ಥೂ ನನ್ ಮುಕಕ್ಕೆ" ಅಂದ ಅಪ್ಪ.

ಹೆಗಲ ಮೇಲಿನ ಟವೆಲಿನ ತುದಿಯನ್ನು ಚೊಂಬಿನಲ್ಲಿ ಅದ್ದಿ ಚೀಟಿಯ ಮೇಲೆ ಒತ್ತಿದ. ಅವನ ಮೈದಾ ಗೋಂದು ಭಾರೀ ಗಟ್ಟಿ. ಒದ್ದೆ ಮಾಡುವುದು, ಉಗುರಿನಿಂದ ಸ್ವಲ್ಪ ಎಬ್ಬಿಸುವುದು, ಮತ್ತೆ ಒದ್ದೆ ಮಾಡುವುದು. ಕಾಗದ ಹರಿಯಬಾರದು ಅಂತ ಉಸಿರು ಬಿಗಿಹಿಡಿದಿದ್ದ. ಚೀಟಿ ಚೂರು ಚೂರಾಗಿ ಬಂತು. ಅಡಿಯಲ್ಲಿ ನೀಲಿ ಶಾಯಿ ಕಂಡಿತು, ಸ್ವಲ್ಪ ಹರಡಿತ್ತು, ಆದರೂ ಹೆಸರು ಪೂರ್ತಿಯಾಗಿತ್ತು.

ಅಜ್ಜಿ ಅದರ ಮೇಲೆ ಬೆರಳಾಡಿಸಿ, "ಇದೇ ನಾನು" ಅಂದಳು.

ಅಪ್ಪ ಪುಟ ಮುಚ್ಚದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳು ನೋಡಿ ನೋಡಿ ಚೀಟಿಯಲ್ಲಿ ಬರೆದಳು. ಒಂದು ಅಕ್ಷರ ತಪ್ಪಿದಾಗ ಅಪ್ಪನೇ, "ಇನ್ನೊಂದು ಸುತ್ತು ಅಕ್ಕಾ, ಒಳಗಡೆ" ಅಂತ ಹೇಳಿಕೊಟ್ಟ. ಮುಗಿದಾಗ ಚೀಟಿ ಇಸಿದುಕೊಂಡು, ಕನ್ನಡಕ ಏರಿಸಿ, ಆಫೀಸಿನಲ್ಲಿ ನೋಡುವ ಹಾಗೆ ನೋಡಿ, "ಸರ್ಯಾಗೈತೆ" ಅಂದ. ಪುಸ್ತಕವನ್ನು ಅವಳ ಮಡಿಲಿಗೆ ಇಟ್ಟ.

ಅಜ್ಜಿ ಊಟ ಮಾಡಿ, ಅಮ್ಮನ ಸಾರಿಗೆ ಹುಳಿ ಹೆಚ್ಚು ಅಂತ ಹೇಳಿ, ಕಡ್ಲೆಕಾಯಿ ಚೀಲ ಸುರಿದು, ಖಾಲಿ ಚೀಲಕ್ಕೆ ಪುಸ್ತಕ ಹಾಕಿಕೊಂಡು ಹೊರಟಳು. ಅಪ್ಪ ಬಸ್ ಹತ್ತಿಸಿ ಬಂದವನು ಆ ಮಧ್ಯಾಹ್ನವೆಲ್ಲ ಕಡ್ಲೆಕಾಯಿ ಸುಲಿದು ತಿಂದ.

ಸಂಜೆ ಸೆಂಟರಿಗೆ ಬಂದ. ನಾನು ಪಟ್ಟಿ ತೆಗೆದು, "ಒಂದನೇ ನಂಬರು ಅಳಿಸಿಬಿಡ್ಲಾ ಅಪ್ಪಾ?" ಅಂದೆ.

"ಅಳಿಸ್ಬ್ಯಾಡ. ಪಕ್ಕದಾಗೆ ಇನ್ನೊಂದು ಕಾಲಂ ಎಳಿ. ಎಲ್ಲಿಗೋಯ್ತು ಅಂತ."

ಎಳೆದೆ. "ಏನ್ ಆಕ್ಲಿ?"

ಅಪ್ಪ ಸ್ಕ್ರೀನಿಗೆ ಮೂಗು ತಾಗಿಸುವಷ್ಟು ಹತ್ತಿರ ಬಂದು, 'ಎಲ್ಲಿಂದ ಬಂತು' ಅನ್ನುವುದರ ಮೇಲೆ ಬೆರಳಿಟ್ಟ.

"ಇಲ್ಲಿ ಏನೈತೋ, ಅಲ್ಲೂ ಅದನ್ನೇ ಆಕು."

ಪೆನ್ನಾಗರದ ಹತ್ರ, ಅಕ್ಕನ ಮನೆ, ಅಟ್ಟದ ಮೇಲೆ. ಟೈಪ್ ಮಾಡುತ್ತಾ ನನಗೆ ಅಳು ಬಂತು. ಪಕ್ಕದ ಗೂಡಿನ ಹುಡುಗ ಪರದೆ ಸರಿಸಿ ಇಣುಕಿ, ರಿಸಲ್ಟ್ ಬಂತಾ ಅಕ್ಕಾ, ಫೇಲಾ ಅಂತ ತಮಿಳಿನಲ್ಲಿ ಕೇಳಿದ. ಅಪ್ಪ ಅವನಿಗೆ ಒಂದು ಹಿಡಿ ಕಡ್ಲೆಕಾಯಿ ಕೊಟ್ಟು ಕಳಿಸಿದ. ಆಮೇಲೆ ಜೇಬಿನಿಂದ ಒಂದು ಖಾಲಿ ಇಂಡೆಂಟ್ ಚೀಟಿ ತೆಗೆದು ನನ್ನ ಮುಂದೆ ಇಟ್ಟು, "ಕೂತ್ಕೊ ಮಗಾ, ನಿನ್ ಎಸ್ರು ಬರಿಯೋದು ಎಂಗೆ ಅಂತ ತೋರುಸ್ತೀನಿ" ಅಂದ.